ಒಂದೇ ಮನೆಯ ಗಣಕಗಳು ಪರಸ್ಪರ ಗುರುತು ಹಿಡಿದ ಕಥೆ



ಒಂದೇ ಮನೆಯಲ್ಲಿ ಎರಡು ಗಣಕಯಂತ್ರಗಳಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಹಾಡುಗಳ ಸಂಗ್ರಹವಿದೆ. ಇನ್ನೊಂದರ ಮುಂದೆ ಕುಳಿತು ಆ ಹಾಡುಗಳನ್ನು ಕೇಳಬೇಕಾಗಿದೆ. ನಡುವೆ ಇರುವುದು ಒಂದು ಗೋಡೆ, ಹೆಚ್ಚೆಂದರೆ ಒಂದು ಮಹಡಿ. ಸಾವಿರಾರು ಮೈಲಿ ದೂರದ ಗಣಕದಿಂದ ಇಡೀ ಚಲನಚಿತ್ರವನ್ನೇ ತರಿಸಿಕೊಂಡು ನೋಡುವ ನಮಗೆ ಪಕ್ಕದ ಕೋಣೆಯ ಹಾಡು ಸಿಗದೆ ಹೋಗುವುದುಂಟೇ? ಉಂಟು. ಅನೇಕ ಮನೆಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ. ಹಾಗೇಕೆ ಆಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಸುಮಾರು ಐವತ್ತು ವರ್ಷಗಳ ಒಂದು ಸ್ವಾರಸ್ಯಕರ ಇತಿಹಾಸವನ್ನು ತಿಳಿಯಬೇಕು. ಕಿರುತೆರೆಯ ಭಾಷಣದಲ್ಲಿ ಸಮಯದ ಮಿತಿಯಿಂದ ಹೇಳಲಾಗದ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಖಾಲಿ ಪಟ್ಟಿ

ಮೊದಲು ನಮ್ಮ ಮನೆಯದೇ ಒಂದು ಪ್ರಸಂಗ. ನನ್ನ ತಾಯಿ ಹಾಡುತ್ತಿದ್ದರು. ಸಭೆಯಲ್ಲಿ ಹಾಡಿದವರಲ್ಲ, ಮದುವೆ, ನಾಮಕರಣ, ಗೌರಿ ಹಬ್ಬಗಳಲ್ಲಿ ನಾಲ್ಕು ಜನ ಹೆಂಗಸರೊಡನೆ ಕುಳಿತು ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡುಗಳನ್ನು ಹೇಳಿದವರು. ಅವನ್ನೆಲ್ಲ ಬೇರೆ ಬೇರೆ ಕಾಲದಲ್ಲಿ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಮನೆಯವರು ಹಿಡಿದಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ನಾನು ಆ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸಿದೆ. ವೃತ್ತಿಯ ಅಭ್ಯಾಸ, ಧ್ವನಿಯ ಗುಣ ಕಿಂಚಿತ್ತೂ ಕುಗ್ಗಬಾರದೆಂದು ಸಂಕುಚಿತಗೊಳಿಸದೆ 'ವೇವ್' ಕಡತಗಳಾಗಿಯೇ ಉಳಿಸಿದೆ. ಪ್ರತಿಯೊಂದು ಹಾಡಿನ ಹೆಸರು, ಅದು ಯಾವ ಶಾಸ್ತ್ರದ್ದು, ಯಾರ ಮದುವೆಯಲ್ಲಿ ಹೇಳಿದ್ದು ಎಂಬ ವಿವರಗಳನ್ನು ಹಾಡುಗಳ ಸಂಗ್ರಹವನ್ನು ನಿರ್ವಹಿಸುವ ಒಂದು ತಂತ್ರಾಂಶದಲ್ಲಿ ಬರೆದಿಟ್ಟೆ. ಮನೆಯ ಇತರ ಗಣಕಗಳಿಗೆ ಈ ಸಂಗ್ರಹ ಕಾಣುವಂತೆ ಮಾಡಿದ್ದೆ.

ಕಳೆದ ರಜೆಯಲ್ಲಿ ನನ್ನ ಅಕ್ಕ, ಅವಳ ಮಗಳೊಡನೆ ಬಂದಿದ್ದಳು. ಹುಡುಗಿ ಕಾಲೇಜಿನಲ್ಲಿ ಓದುತ್ತಾಳೆ. ಮಹಡಿಯ ಕೋಣೆಯಲ್ಲಿ ತನ್ನ ಲ್ಯಾಪ್‌ಟಾಪ್ ತೆರೆದು ಕುಳಿತವಳು ಕೆಳಗೆ ಬಂದು ಹೇಳಿದಳು: "ಮಾಮ, ಪಟ್ಟಿ ಪೂರ್ತಿ ಖಾಲಿ. ಅಜ್ಜಿ ಹಾಡು ಒಂದೂ ಕಾಣಿಸ್ತಿಲ್ಲ."

"ಪ್ರೋಗ್ರಾಂ ಕೆಟ್ಟಿರಬೇಕು ಕಣಮ್ಮ. ತೆಗೆದುಹಾಕಿ ಹೊಸದಾಗಿ ಹಾಕ್ತೀನಿ, ಸರಿಹೋಗುತ್ತೆ" ಎಂದೆ.

ವಿಜ್ಞಾನದ ಪದವೀಧರನಾದ ನಾನು ಹೀಗೆ ಹೇಳಬಾರದಿತ್ತು. ದೋಷ ಎಲ್ಲಿದೆ ಎಂದು ನೋಡುವ ಮೊದಲೇ ಚಿಕಿತ್ಸೆಯನ್ನು ನಿರ್ಧರಿಸಿಬಿಟ್ಟಿದ್ದೆ. ಇದರ ಫಲವೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಸದ್ಯಕ್ಕೆ ಒಂದು ವಿಷಯವನ್ನು ಗಮನಿಸೋಣ. ಎರಡು ಗಣಕಗಳು ಹಾಡನ್ನು ಹಂಚಿಕೊಳ್ಳಬೇಕಾದರೆ ನಾಲ್ಕು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಸಿಗಬೇಕು. ಒಂದರ ಮಾತು ಇನ್ನೊಂದಕ್ಕೆ ತಲುಪುತ್ತದೆಯೇ? ಪ್ರತಿಯೊಂದಕ್ಕೂ ಸರಿಯಾದ ವಿಳಾಸವಿದೆಯೇ? ಯಾರಲ್ಲಿ ಏನಿದೆ ಎಂದು ಹೇಗೆ ಗೊತ್ತಾಗುತ್ತದೆ? ಕೊಡಲು ಒಪ್ಪಿಗೆ ಇದೆಯೇ? ಈ ನಾಲ್ಕೂ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ ಉತ್ತರ ಕಂಡುಹಿಡಿದರು.

ಮೊದಲ ಪ್ರಶ್ನೆ: ಮಾತು ತಲುಪುತ್ತದೆಯೇ?

1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಏಬ್ರಮ್‌ಸನ್ ಮತ್ತು ಅವರ ಸಂಗಡಿಗರು 'ಅಲೋಹಾನೆಟ್' ಎಂಬ ಜಾಲವನ್ನು ಆರಂಭಿಸಿದರು. ಹವಾಯಿಯೆಂದರೆ ದ್ವೀಪಗಳ ಸಮೂಹ. ದ್ವೀಪದಿಂದ ದ್ವೀಪಕ್ಕೆ ತಂತಿ ಎಳೆಯುವ ಬದಲು ಅವರು ರೇಡಿಯೋ ಅಲೆಗಳನ್ನು ಬಳಸಿದರು. ಎಲ್ಲ ನಿಲ್ದಾಣಗಳೂ ಒಂದೇ ಕಂಪನಾಂಕದಲ್ಲಿ ಮಾಹಿತಿಯ ಪೊಟ್ಟಣಗಳನ್ನು ಕಳುಹಿಸುತ್ತಿದ್ದವು. ಎರಡು ನಿಲ್ದಾಣಗಳು ಒಟ್ಟಿಗೆ ಕಳುಹಿಸಿದರೆ ಎರಡೂ ಹಾಳು. ಆಗ ಪ್ರತಿಯೊಂದೂ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕಳುಹಿಸಬೇಕು. ವಿಧಾನ ಸರಳ, ಆದರೆ ಗಣಿತದ ಪ್ರಕಾರ ಹೀಗೆ ಮಾಡಿದಾಗ ಮಾರ್ಗದ ಒಟ್ಟು ಸಾಮರ್ಥ್ಯದಲ್ಲಿ ಸುಮಾರು ನೂರಕ್ಕೆ 18 ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಈ ಕೆಲಸವನ್ನು ಅಧ್ಯಯನ ಮಾಡಿದ್ದ ರಾಬರ್ಟ್ ಮೆಟ್‌ಕಾಫ್ ಆಗ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದರು. ಒಂದೇ ಕಟ್ಟಡದ ಗಣಕಗಳನ್ನು ಪರಸ್ಪರ ಜೋಡಿಸಿ, ಎಲ್ಲವೂ ಒಂದೇ ಲೇಸರ್ ಮುದ್ರಣಯಂತ್ರವನ್ನು ಹಂಚಿಕೊಳ್ಳುವಂತೆ ಮಾಡಬೇಕಾಗಿತ್ತು. 1973ರ ಮೇ 22ರಂದು ಅವರು ಒಂದು ಟಿಪ್ಪಣಿ ಬರೆದು ತಮ್ಮ ಯೋಜನೆಗೆ 'ಈಥರ್‌ನೆಟ್' ಎಂದು ಹೆಸರಿಟ್ಟರು. ಡೇವಿಡ್ ಬಾಗ್ಸ್ ಅವರ ಜೊತೆಗಾರರು. ಭೌತಶಾಸ್ತ್ರ ಓದಿದವರಿಗೆ ಈಥರ್ ಎಂದೊಡನೆ ನೆನಪಾಗುವುದು 1887ರ ಮೈಕೆಲ್ಸನ್-ಮಾರ್ಲಿ ಪ್ರಯೋಗ. ಬೆಳಕನ್ನು ಹೊತ್ತೊಯ್ಯುವ, ಎಲ್ಲೆಡೆ ವ್ಯಾಪಿಸಿರುವ ಈಥರ್ ಎಂಬ ಮಾಧ್ಯಮವನ್ನು ಹುಡುಕಹೊರಟು, ಅದರ ಸುಳಿವೇ ಸಿಗದೆ ಹೋದ ಪ್ರಯೋಗವದು. ಭೌತಶಾಸ್ತ್ರ ಕೈಬಿಟ್ಟ ಆ ಹೆಸರನ್ನು ಮೆಟ್‌ಕಾಫ್ ಒಂದು ತಂತಿಗೆ ಕೊಟ್ಟರು.

ಏಬ್ರಮ್‌ಸನ್ನರ ವಿಧಾನಕ್ಕೆ ಅವರು ಮಾಡಿದ ಸುಧಾರಣೆ ಇದು: ಮಾತನಾಡುವ ಮೊದಲು ಕೇಳಿಸಿಕೋ, ಮಾತನಾಡುತ್ತಿರುವಾಗಲೂ ಕೇಳಿಸಿಕೋ, ಇನ್ನೊಬ್ಬರ ಮಾತು ಅಡ್ಡ ಬಂದರೆ ನಿಲ್ಲಿಸಿ, ಕಾದು, ಮತ್ತೆ ಆರಂಭಿಸು. ಮೊದಲ ಈಥರ್‌ನೆಟ್‌ನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1983ರಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಈಥರ್‌ನೆಟ್‌ಗೆ ಮಾನಕ ಸಿದ್ಧವಾಯಿತು. 1997ರಲ್ಲಿ ತಂತಿಯಿಲ್ಲದ ಜಾಲಕ್ಕೂ ಮಾನಕ ಬಂತು. ಅದೇ ಇಂದಿನ ವೈ-ಫೈ. ಹವಾಯಿಯ ಗಾಳಿಯಲ್ಲಿ ಹುಟ್ಟಿದ ಉಪಾಯ ತಂತಿಗೆ ಇಳಿದು, ಮತ್ತೆ ಗಾಳಿಗೆ ಮರಳಿತು ಎನ್ನಬಹುದು. ಮೆಟ್‌ಕಾಫ್ ಅವರಿಗೆ 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಈ ಏರ್ಪಾಡನ್ನು ನಾನು ನಮ್ಮ ಸ್ಟುಡಿಯೋದ ಮಾತಿನಲ್ಲಿ ವಿವರಿಸುತ್ತೇನೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತ ನಿರ್ಮಾಪಕ "ಕ್ಯಾಮೆರಾ ಎರಡು, ಹತ್ತಿರ ಹೋಗಿ" ಎಂದು ಹೇಳಿದಾಗ ಆ ಮಾತು ಎಲ್ಲ ಕ್ಯಾಮೆರಾದವರ ಕಿವಿಗೂ ಬೀಳುತ್ತದೆ. ಆದರೆ ಎರಡನೆಯವರು ಮಾತ್ರ ಚಲಿಸುತ್ತಾರೆ. "ಎಲ್ಲರೂ ಸಿದ್ಧವಾಗಿರಿ" ಎಂದರೆ ಎಲ್ಲರೂ ಸಿದ್ಧರಾಗುತ್ತಾರೆ. ಈಥರ್‌ನೆಟ್‌ನಲ್ಲಿಯೂ ಹಾಗೆಯೇ. ಪ್ರತಿ ಯಂತ್ರಕ್ಕೂ 48 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಗೆ ಕಳುಹಿಸಿದ ಸಂದೇಶ ಎಲ್ಲರಿಗೂ ಸೇರಿದ್ದು. ಆದರೆ ಈ ಕೂಗು ಕೇಳಿಸುವುದು ಆ ಒಂದು ಸ್ಟುಡಿಯೋದೊಳಗೆ ಮಾತ್ರ. ಈ ಕೊನೆಯ ವಾಕ್ಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ಪ್ರಶ್ನೆ: ವಿಳಾಸ ಕೊಡುವವರು ಯಾರು?

ಒಂದು ಜಾಲವನ್ನು ಇನ್ನೊಂದು ಜಾಲಕ್ಕೆ ಜೋಡಿಸಲು ಬೇರೊಂದು ಬಗೆಯ ವಿಳಾಸ ಬೇಕಾಯಿತು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ವಿಚಾರಗಳಿಂದ ಇಂಟರ್‌ನೆಟ್‌ನ ನಿಯಮಾವಳಿ ಬೆಳೆಯಿತು. ಅಮೆರಿಕದ 'ಆರ್ಪಾನೆಟ್' ಜಾಲ 1983ರ ಜನವರಿ 1ರಂದು ಈ ನಿಯಮಾವಳಿಗೆ ಬದಲಾಯಿತು. ಇದರಲ್ಲಿ ವಿಳಾಸವೆಂದರೆ 32 ಬಿಟ್‌ಗಳು. ನಾಲ್ಕು ಅಂಕಿಗಳ ಗುಂಪಾಗಿ ಬರೆಯುತ್ತಾರೆ. ಒಟ್ಟು ಸುಮಾರು 429 ಕೋಟಿ ವಿಳಾಸಗಳು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ 'ಅರ್ನೆಟ್' ಯೋಜನೆಯ ಮೂಲಕ ಈ ಲೋಕದ ಪರಿಚಯವಾಯಿತು. ಅದರಲ್ಲಿ ಪಾಲ್ಗೊಂಡ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಆರಂಭದಲ್ಲಿ ವಿಳಾಸವನ್ನು ಪ್ರತಿ ಗಣಕಕ್ಕೂ ಕೈಯಿಂದಲೇ ಬರೆಯಬೇಕಾಗಿತ್ತು. ಸಂಸ್ಥೆಯಲ್ಲಿ ಅದಕ್ಕೆಂದೇ ಒಬ್ಬರು ಇರುತ್ತಿದ್ದರು. ಮನೆಯಲ್ಲಿ ಯಾರಿರುತ್ತಾರೆ? 1993ರಲ್ಲಿ ಪ್ರಕಟವಾದ 'ಡಿಎಚ್‌ಸಿಪಿ' ಎಂಬ ವಿಧಾನ ಈ ತೊಂದರೆಯನ್ನು ನಿವಾರಿಸಿತು. ಹೊಸದಾಗಿ ಬಂದ ಗಣಕ "ನನಗೊಂದು ವಿಳಾಸ ಕೊಡಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ಕೆಲಸಕ್ಕೆ ನೇಮಕವಾದ ಯಂತ್ರ, ನಮ್ಮ ಮನೆಗಳಲ್ಲಾದರೆ ರೂಟರ್, ಬಾಡಿಗೆಯ ಲೆಕ್ಕದಲ್ಲಿ ನಿರ್ದಿಷ್ಟ ಅವಧಿಗೆ ಒಂದು ವಿಳಾಸ ಕೊಡುತ್ತದೆ. 1996ರಲ್ಲಿ ಒಂದಿಷ್ಟು ವಿಳಾಸಗಳನ್ನು ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟ ನಿಯಮವೂ ಬಂತು. 192.168 ಎಂದು ಆರಂಭವಾಗುವ ವಿಳಾಸಗಳು ಹೀಗೆ ಬಂದವು. ನಿಮ್ಮ ಮನೆಯಲ್ಲಿಯೂ ಪಕ್ಕದ ಮನೆಯಲ್ಲಿಯೂ ಒಂದೇ ವಿಳಾಸವಿರಬಹುದು. ಎರಡು ಊರುಗಳಲ್ಲಿ ಒಂದೇ ಹೆಸರಿನ ಬೀದಿ ಇದ್ದಂತೆ, ಇದರಿಂದ ಗೊಂದಲವಾಗುವುದಿಲ್ಲ.

ವಿಳಾಸ ಕೊಡುವ ಯಂತ್ರವೇ ಇಲ್ಲದಿದ್ದರೆ? ಅದಕ್ಕೂ ಉಪಾಯವಿದೆ. ಗಣಕ 169.254 ಎಂದು ಆರಂಭವಾಗುವ 65,024 ವಿಳಾಸಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡು, "ಇದು ಯಾರದಾದರೂ ಇದೆಯೇ?" ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ತನ್ನದಾಗಿಸಿಕೊಳ್ಳುತ್ತದೆ. 1998ರ ಹೊತ್ತಿಗೆ ಬಳಕೆಗೆ ಬಂದ ಈ ಪದ್ಧತಿ 2005ರಲ್ಲಿ ವಿಧಿಬದ್ಧ ಮಾನಕವಾಯಿತು. ಆದ್ದರಿಂದ ದೋಷ ಹುಡುಕುವವರು ಮೊದಲು ಎರಡೂ ಗಣಕಗಳ ವಿಳಾಸವನ್ನು ಬರೆದುಕೊಳ್ಳಬೇಕು. ಒಂದರದು 192.168, ಇನ್ನೊಂದರದು 169.254 ಎಂದಿದ್ದರೆ ಎರಡನೆಯದಕ್ಕೆ ರೂಟರ್‌ನಿಂದ ಉತ್ತರ ಬಂದಿಲ್ಲವೆಂದೇ ಅರ್ಥ. ಹಾಡಿನ ತಂತ್ರಾಂಶವನ್ನು ದೂರಿ ಫಲವಿಲ್ಲ.

ವಿಳಾಸ ತಿಳಿದ ಮೇಲೆ ಅಲ್ಲಿಗೆ ಮಾತು ತಲುಪುತ್ತದೆಯೇ ಎಂದು ನೋಡಲು 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಂ ಇದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಅದನ್ನು 1983ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆ ಮಾಡುವ ಸೋನಾರ್ ಯಂತ್ರದ ಸದ್ದೇ ಆ ಹೆಸರಿಗೆ ಮೂಲ. ಸದ್ದು ಕಳುಹಿಸಿ ಪ್ರತಿಧ್ವನಿಗಾಗಿ ಕಾಯುವುದು ಎರಡರಲ್ಲೂ ಸಮಾನ.

ಮೂರನೆಯ ಪ್ರಶ್ನೆ: ಯಾರಲ್ಲಿ ಏನಿದೆ?

ಅಂಕಿಗಳನ್ನು ಮನುಷ್ಯರು ನೆನಪಿಡಲಾರರು. ಹೆಸರು ಬೇಕು. ಆರ್ಪಾನೆಟ್‌ನ ದಿನಗಳಲ್ಲಿ ಎಲ್ಲ ಗಣಕಗಳ ಹೆಸರೂ ವಿಳಾಸವೂ ಒಂದೇ ಪಟ್ಟಿಯಲ್ಲಿರುತ್ತಿದ್ದವು. ಆ ಪಟ್ಟಿಯನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಗಣಕ ಬಂದರೆ ಅವರಿಗೆ ತಿಳಿಸಿ ಪಟ್ಟಿಗೆ ಸೇರಿಸಬೇಕು. ಉಳಿದವರು ಆ ಪಟ್ಟಿಯನ್ನು ತರಿಸಿಕೊಳ್ಳಬೇಕು. ಗಣಕಗಳು ಹೆಚ್ಚಿದಂತೆ ಇದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ 'ಡಿಎನ್‌ಎಸ್' ವ್ಯವಸ್ಥೆಯಲ್ಲಿ ಪಟ್ಟಿಯನ್ನು ಭಾಗಭಾಗವಾಗಿ ಹಂಚಿ, ಪ್ರತಿ ಸಂಸ್ಥೆಯೂ ತನ್ನ ಭಾಗವನ್ನು ತಾನೇ ನೋಡಿಕೊಳ್ಳುವಂತಾಯಿತು.

ಆದರೆ ಮನೆಯ ನಾಲ್ಕು ಗಣಕಗಳಿಗಾಗಿ ಹೆಸರಿನ ಕಚೇರಿ ತೆರೆಯುವವರು ಯಾರು? ಇದಕ್ಕೆ ಉತ್ತರ ಬೇರೊಂದು ದಿಕ್ಕಿನಿಂದ ಬಂತು. 1985ರಲ್ಲಿ ಆಪಲ್ ಸಂಸ್ಥೆ ತನ್ನ ಗಣಕಗಳಿಗೆ 'ಆಪಲ್‌ಟಾಕ್' ಎಂಬ ಜಾಲವನ್ನು ಒದಗಿಸಿತು. ಇದರ ರಚನೆಯಲ್ಲಿ ಮುಂದಾಳಾಗಿದ್ದವರು ಗುರುಶರಣ್ ಸಿದ್ಧು. ತಂತಿ ಸಿಕ್ಕಿಸಿದರೆ ಸಾಕು, ಮುದ್ರಣಯಂತ್ರದ ಹೆಸರು ತಾನೇ ಪರದೆಯ ಮೇಲೆ ಬರುತ್ತಿತ್ತು. ಅಲ್ಲಿ ಹೆಸರಿನ ಕಚೇರಿ ಇರಲಿಲ್ಲ. "ಮುದ್ರಣಯಂತ್ರಗಳು ಯಾರಾದರೂ ಇದ್ದೀರಾ?" ಎಂದು ಗಣಕ ಕೇಳುತ್ತಿತ್ತು, ಇದ್ದವರು ಉತ್ತರಿಸುತ್ತಿದ್ದರು.

1990ರ ದಶಕದಲ್ಲಿ ಇಂಟರ್‌ನೆಟ್‌ನ ನಿಯಮಾವಳಿ ಎಲ್ಲೆಡೆ ಹರಡಿ ಆಪಲ್‌ಟಾಕ್ ಹಿಂದೆ ಸರಿಯಿತು. ದೊಡ್ಡ ಜಾಲ ಬಂತು, ಆದರೆ ಸಣ್ಣ ಜಾಲದ ಸುಲಭತೆ ಹೋಯಿತು. ಈ ನಷ್ಟವನ್ನು ತುಂಬಲು ಸ್ಟುವರ್ಟ್ ಚೆಷೈರ್ ಮೊದಲಾದವರು ಶ್ರಮಿಸಿದರು. 1999ರಲ್ಲಿ ಇಂಟರ್‌ನೆಟ್‌ನ ಮಾನಕಗಳನ್ನು ರೂಪಿಸುವ ವೇದಿಕೆಯಲ್ಲಿ ಇದಕ್ಕಾಗಿ 'ಜೀರೋಕಾನ್ಫ್' ಎಂಬ ಕಾರ್ಯತಂಡ ಏರ್ಪಟ್ಟಿತು. 'ಏನನ್ನೂ ಹೊಂದಿಸಬೇಕಾಗಿಲ್ಲ' ಎಂಬುದು ಆ ಹೆಸರಿನ ಭಾವ.

ಇಲ್ಲಿ ನೆರವಿಗೆ ಬಂದದ್ದು ಸ್ಟೀವ್ ಡೀರಿಂಗ್ ಅವರ ಕೆಲಸ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ಅವರು ರೂಪಿಸಿದ 'ಗುಂಪು ಪ್ರಸಾರ' ಅಥವಾ ಮಲ್ಟಿಕಾಸ್ಟ್ ಪದ್ಧತಿ 1989ರಲ್ಲಿ ಮಾನಕವಾಗಿತ್ತು. ಒಬ್ಬರಿಗೆ ಬರೆದ ಪತ್ರವೂ ಅಲ್ಲ, ಊರಿಗೆಲ್ಲ ಸಾರಿದ ಡಂಗುರವೂ ಅಲ್ಲ. ಆಸಕ್ತರು ಮಾತ್ರ ಕಿವಿಗೊಡುವ ಒಂದು ವಾಹಿನಿಯಂತೆ ಅದು. 224.0.0.251 ಎಂಬ ವಿಳಾಸ, 5353 ಎಂಬ ದ್ವಾರ ಸಂಖ್ಯೆ, ಇವನ್ನು ಮನೆಯೊಳಗಿನ ಹೆಸರುಗಳ ವಾಹಿನಿಯಾಗಿ ಮೀಸಲಿಟ್ಟರು. "ಹಾಡು ಹಂಚುವವರು ಯಾರಿದ್ದೀರಿ?" ಎಂಬ ಪ್ರಶ್ನೆ ಆ ವಾಹಿನಿಯಲ್ಲಿ ಹೋಗುತ್ತದೆ. ಹಂಚುವ ಗಣಕ ತನ್ನ ಹೆಸರು, ವಿಳಾಸ, ದ್ವಾರ ಸಂಖ್ಯೆಗಳನ್ನು ಹೇಳುತ್ತದೆ. ಪರದೆಯ ಮೇಲೆ ಪಟ್ಟಿ ಮೂಡುತ್ತದೆ.

2002ರ ಆಗಸ್ಟಿನಲ್ಲಿ ಆಪಲ್ ಇದನ್ನು 'ರೆಂಡೆವೂ' ಎಂಬ ಹೆಸರಿನಲ್ಲಿ ತನ್ನ ಗಣಕಗಳಲ್ಲಿ ಅಳವಡಿಸಿತು. ಆ ಹೆಸರಿನ ಬಗ್ಗೆ ಇನ್ನೊಂದು ಕಂಪನಿ ತಕರಾರು ಮಾಡಿದ್ದರಿಂದ 2005ರಲ್ಲಿ 'ಬಾನ್‌ಜೂರ್' ಎಂದಾಯಿತು. 2013ರಲ್ಲಿ ಇದು ಅಧಿಕೃತ ಮಾನಕವಾಗಿ ಪ್ರಕಟವಾಯಿತು. ಇನ್ನೊಂದು ಕಡೆ 1999ರಲ್ಲಿ ಆರಂಭವಾದ 'ಯುಪಿಎನ್‌ಪಿ' ವೇದಿಕೆಯೂ ಇದೇ ಗುರಿಗೆ ಬೇರೆ ದಾರಿ ಹಿಡಿದಿತ್ತು. ಅದರ ಆಧಾರದ ಮೇಲೆ ದೂರದರ್ಶಕ, ಗಣಕ, ಧ್ವನಿಯಂತ್ರಗಳು ಚಿತ್ರ ಮತ್ತು ಹಾಡುಗಳನ್ನು ಹಂಚಿಕೊಳ್ಳಲೆಂದು 2003ರಲ್ಲಿ ಅನೇಕ ಕಂಪನಿಗಳು ಸೇರಿ ಕಟ್ಟಿದ ಒಕ್ಕೂಟ 'ಡಿಎಲ್‌ಎನ್‌ಎ' ಎಂದು ಹೆಸರಾಯಿತು. ಆ ಒಕ್ಕೂಟ 2017ರಲ್ಲಿ ವಿಸರ್ಜನೆಗೊಂಡಿತು.

ಈ ವ್ಯವಸ್ಥೆಯ ಒಂದು ಮುಖ್ಯ ಲಕ್ಷಣವನ್ನು ಗಮನಿಸಬೇಕು. 224.0.0 ಎಂದು ಆರಂಭವಾಗುವ ವಿಳಾಸಕ್ಕೆ ಹೋದ ಸಂದೇಶವನ್ನು ಯಾವ ರೂಟರೂ ಆಚೆಗೆ ದಾಟಿಸಬಾರದೆಂಬ ನಿಯಮವಿದೆ. ಮನೆಯ ಮಾತು ಮನೆಯಲ್ಲೇ ಇರಬೇಕು ಎಂಬ ಉದ್ದೇಶ ಒಳ್ಳೆಯದೇ. ಆದರೆ ಮನೆಯೊಳಗೇ ಎರಡು ರೂಟರುಗಳಿದ್ದರೆ ಏನಾಗಬೇಕು? ಯೋಚಿಸಿ ನೋಡಿ.

ನಾಲ್ಕನೆಯ ಪ್ರಶ್ನೆ: ಒಪ್ಪಿಗೆ ಇದೆಯೇ?

ಇಲ್ಲಿಯವರೆಗೆ ನೋಡಿದ್ದು ವಿಜ್ಞಾನ ಮತ್ತು ತಂತ್ರಜ್ಞಾನ. ಇನ್ನು ಮುಂದಿನದರಲ್ಲಿ ಕಾನೂನು ಮತ್ತು ವ್ಯಾಪಾರಗಳೂ ಸೇರುತ್ತವೆ.

1999ರಲ್ಲಿ 'ನ್ಯಾಪ್‌ಸ್ಟರ್' ಎಂಬ ಸೇವೆ ಆರಂಭವಾಗಿ, ಅಪರಿಚಿತರು ಪರಸ್ಪರರ ಗಣಕಗಳಿಂದ ಹಾಡುಗಳನ್ನು ಪಡೆದುಕೊಳ್ಳುವುದು ಸುಲಭವಾಯಿತು. ಸಂಗೀತ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2001ರ ಜುಲೈನಲ್ಲಿ ಆ ಸೇವೆ ನಿಂತಿತು. ಹಾಡು ಬರೆದವರಿಗೂ ಹಾಡಿದವರಿಗೂ ಸಲ್ಲಬೇಕಾದದ್ದು ಸಲ್ಲಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಮನೆಯವರೊಳಗೆ ಹಂಚಿಕೊಳ್ಳುವುದಕ್ಕೂ ಲೋಕಕ್ಕೆಲ್ಲ ಹಂಚುವುದಕ್ಕೂ ಗೆರೆ ಎಳೆಯುವುದು ಹೇಗೆ?

2001ರ ಜನವರಿಯಲ್ಲಿ ಬಂದಿದ್ದ ಆಪಲ್‌ನ 'ಐಟ್ಯೂನ್ಸ್' ತಂತ್ರಾಂಶಕ್ಕೆ 2003ರ ಏಪ್ರಿಲ್ 28ರ ನಾಲ್ಕನೆಯ ಆವೃತ್ತಿಯಲ್ಲಿ ಹಂಚಿಕೊಳ್ಳುವ ಸೌಲಭ್ಯ ಸೇರಿತು. 'ಡಿಎಎಪಿ' ಎಂಬ ನಿಯಮಾವಳಿ, 3689 ಎಂಬ ದ್ವಾರ ಸಂಖ್ಯೆ. ಒಂದು ಗಣಕದ ಸಂಗ್ರಹ ಇನ್ನೊಂದರಲ್ಲಿ ಕಾಣುತ್ತಿತ್ತು. ಕೇಳಬಹುದಾಗಿತ್ತು, ನಕಲು ಮಾಡುವಂತಿರಲಿಲ್ಲ. ಆದರೆ ವಿಳಾಸ ಗೊತ್ತಿದ್ದರೆ ಇಂಟರ್‌ನೆಟ್ ಮೂಲಕ ದೂರದವರೂ ಕೇಳಬಹುದಾಗಿತ್ತು. ಜನ ಹಾಗೆ ಮಾಡತೊಡಗಿದರು. ಒಂದೇ ತಿಂಗಳಲ್ಲಿ, ಮೇ 27ರ ಆವೃತ್ತಿಯಲ್ಲಿ, ಹಂಚಿಕೆಯನ್ನು ಒಂದೇ ಸ್ಥಳೀಯ ಜಾಲದೊಳಗಿನವರಿಗೆ ಸೀಮಿತಗೊಳಿಸಲಾಯಿತು. ಹೀಗೆ 'ಮನೆ' ಎಂದರೇನು ಎಂಬ ಪ್ರಶ್ನೆಗೆ ತಂತ್ರಾಂಶ ಒಂದು ಉತ್ತರ ಕೊಟ್ಟಿತು: ಒಂದೇ ಜಾಲದಲ್ಲಿರುವವರು ಒಂದೇ ಮನೆಯವರು.

ಡಿಎಎಪಿಯ ವಿವರಗಳನ್ನು ಆಪಲ್ ಬಹಿರಂಗಪಡಿಸಿರಲಿಲ್ಲ. ಆದರೂ ಆಸಕ್ತ ಪ್ರೋಗ್ರಾಮರುಗಳು ಅದನ್ನು ಗಮನಿಸಿ, ಅದೇ ಭಾಷೆಯಲ್ಲಿ ಮಾತನಾಡುವ ತಂತ್ರಾಂಶಗಳನ್ನು ತಾವೇ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. 2006ರ ಏಳನೆಯ ಆವೃತ್ತಿಯಲ್ಲಿ ಗುರುತಿನ ಪದ್ಧತಿ ಬದಲಾದಾಗ ಇತರರ ಎಷ್ಟೋ ತಂತ್ರಾಂಶಗಳಿಗೆ ಐಟ್ಯೂನ್ಸ್ ಸಂಗ್ರಹ ತೆರೆಯುವುದು ನಿಂತುಹೋಯಿತು. 2009ರ ಒಂಬತ್ತನೆಯ ಆವೃತ್ತಿಯಲ್ಲಿ 'ಮನೆ ಹಂಚಿಕೆ' ಎಂಬ ಇನ್ನೊಂದು ಬಗೆ ಬಂತು. ಒಂದೇ ಖಾತೆಯ ಹೆಸರಿನಲ್ಲಿ ಪ್ರವೇಶಿಸಿದ ಐದು ಗಣಕಗಳವರೆಗೆ, ಒಂದೇ ಜಾಲದಲ್ಲಿದ್ದರೆ, ನಕಲು ಮಾಡಿಕೊಳ್ಳಲೂ ಅವಕಾಶ. ಈಗ ಮನೆಯವರೆಂದರೆ ಒಂದೇ ಜಾಲ ಮಾತ್ರವಲ್ಲ, ಒಂದೇ ಖಾತೆಯೂ ಹೌದು. 2019ರಲ್ಲಿ ಮ್ಯಾಕ್ ಗಣಕಗಳಲ್ಲಿ ಐಟ್ಯೂನ್ಸ್ ಎಂಬ ಒಂದೇ ತಂತ್ರಾಂಶ ಹೋಗಿ, ಸಂಗೀತಕ್ಕೆ, ದೂರದರ್ಶನಕ್ಕೆ ಬೇರೆ ಬೇರೆ ತಂತ್ರಾಂಶಗಳಾದವು.

ಒಪ್ಪಿಗೆಯ ಇನ್ನೊಂದು ಮುಖ ಸುರಕ್ಷತೆ. 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ಹಾನಿಕಾರಕ ಪ್ರೋಗ್ರಾಂ ಜಗತ್ತಿನಾದ್ಯಂತ ವಿಂಡೋಸ್ ಗಣಕಗಳಿಗೆ ನುಗ್ಗಿತು. ಯಾರೂ ಏನನ್ನೂ ತೆರೆಯಬೇಕಾಗಿರಲಿಲ್ಲ. ಗಣಕ ಜಾಲದಲ್ಲಿದ್ದರೆ ಸಾಕಾಗಿತ್ತು. ಮರುವರ್ಷ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸೇವಾ ಕಂತಿನಲ್ಲಿ ಫೈರ್‌ವಾಲ್, ಎಂದರೆ ಹೊರಗಿನವರನ್ನು ತಡೆಯುವ ಗೋಡೆ, ಮೊದಲಿನಿಂದಲೇ ಚಾಲ್ತಿಯಲ್ಲಿರುವಂತೆ ಮಾಡಲಾಯಿತು. ಇದು ಅಗತ್ಯವಾದ ಕ್ರಮ. ಆದರೆ ಗೋಡೆಗೆ ಕಳ್ಳ ಯಾರು, ಸೋದರಿಯ ಮಗಳು ಯಾರು ಎಂಬುದು ತಿಳಿಯುವುದಿಲ್ಲ. ಹಾಡು ಹಂಚುವ ತಂತ್ರಾಂಶಕ್ಕೆ ನಾವೇ ಬಾಗಿಲು ತೆರೆದುಕೊಡಬೇಕು. ವೈ-ಫೈ ರೂಟರುಗಳಲ್ಲಿಯೂ ಇಂಥ ಗೋಡೆಗಳುಂಟು. ಅತಿಥಿಗಳಿಗೆಂದು ಕೊಡುವ ಪ್ರತ್ಯೇಕ ಜಾಲದಲ್ಲಿ ಇಂಟರ್‌ನೆಟ್ ಸಿಗುತ್ತದೆ, ಮನೆಯ ಇತರ ಯಂತ್ರಗಳು ಕಾಣುವುದಿಲ್ಲ. ಬೇಕೆಂದೇ ಹಾಗೆ ಮಾಡಿರುತ್ತಾರೆ.

ನಮ್ಮ ಮನೆಯ ದೋಷ

ಈಗ ನಮ್ಮ ಮನೆಗೆ ಮರಳೋಣ. ನಾನು ಹಾಡಿನ ತಂತ್ರಾಂಶವನ್ನು ತೆಗೆದುಹಾಕಿದೆ. ಹಳೆಯದರ ಲವಲೇಶವೂ ಇರಬಾರದೆಂದು ಅದರ ಫೋಲ್ಡರನ್ನೂ ಅಳಿಸಿದೆ. ಹೊಸದಾಗಿ ಹಾಕಿದೆ. ಎರಡು ಸಂಜೆಗಳು ಹೋದವು. ಮಹಡಿಯಲ್ಲಿ ಪಟ್ಟಿ ಖಾಲಿಯಾಗಿಯೇ ಇತ್ತು. ಕೆಳಗಿನ ಗಣಕದಲ್ಲಿ ಇನ್ನೂ ಕೆಟ್ಟದ್ದು ಕಾದಿತ್ತು. ಹಾಡುಗಳಿದ್ದವು, ಹೆಸರುಗಳಿರಲಿಲ್ಲ. ನೂರಕ್ಕೂ ಹೆಚ್ಚು ಕಡತಗಳು ಬರೀ ಕ್ರಮಸಂಖ್ಯೆಗಳಾಗಿ ನಿಂತಿದ್ದವು. ನಾನು ಬರೆದಿದ್ದ ಹೆಸರು, ಶಾಸ್ತ್ರ, ಸಂದರ್ಭಗಳೆಲ್ಲ ಹಾಡಿನ ಕಡತದೊಳಗೆ ಇರಲಿಲ್ಲ. ತಂತ್ರಾಂಶದ ಸ್ವಂತ ಪಟ್ಟಿಯಲ್ಲಿದ್ದವು. ಎಂಪಿ3 ಕಡತವಾಗಿದ್ದರೆ ಹೆಸರನ್ನು ಅದರೊಳಗೇ ಬರೆದಿಡುವ ಪದ್ಧತಿ ಇದೆ. ವೇವ್ ಕಡತದ ವಿಷಯದಲ್ಲಿ ಅನೇಕ ತಂತ್ರಾಂಶಗಳು ಹಾಗೆ ಮಾಡುವುದಿಲ್ಲ. ಪಟ್ಟಿಯನ್ನು ನನ್ನ ಕೈಯಿಂದಲೇ ಅಳಿಸಿದ್ದೆ. ಬೇರೆ ಪ್ರತಿ ಇರಲಿಲ್ಲ.

ಮೂರನೆಯ ದಿನ ಸೊಸೆ ಕಾಗದ, ಪೆನ್ನು ಹಿಡಿದು ಬಂದಳು. "ಮಾಮ, ಈಗ ಏನೂ ಅಳಿಸ್ಬೇಡಿ. ಒಂದೊಂದಾಗಿ ನೋಡೋಣ" ಎಂದಳು.

ಮಹಡಿಯಿಂದ ಕೆಳಗಿನ ಗಣಕಕ್ಕೆ ಪಿಂಗ್ ಮಾಡಿದಳು. ಉತ್ತರ ಬಂತು. ಮಾತು ತಲುಪುತ್ತಿದೆ, ಆದರೆ ಪಟ್ಟಿ ಕಾಣುತ್ತಿಲ್ಲ. ಇದು ಹೇಗೆ ಸಾಧ್ಯ? ಎರಡೂ ವಿಳಾಸಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದಳು. ಕೆಳಗಿನದು 192.168.1 ಎಂದು ಆರಂಭವಾಗುತ್ತಿತ್ತು. ಮಹಡಿಯದು 192.168.0. ಒಂದೇ ಅಂಕಿಯ ವ್ಯತ್ಯಾಸ. ಕೆಲವು ತಿಂಗಳ ಹಿಂದೆ ಮಹಡಿಗೆ ವೈ-ಫೈ ಸರಿಯಾಗಿ ಬರುತ್ತಿಲ್ಲವೆಂದು ಇನ್ನೊಂದು ರೂಟರ್ ತಂದು ಮೊದಲನೆಯದಕ್ಕೆ ಜೋಡಿಸಿದ್ದವನು ನಾನೇ. ಅದು ತನ್ನದೇ ವಿಳಾಸಗಳನ್ನು ಹಂಚುತ್ತ ಮಹಡಿಯನ್ನು ಪ್ರತ್ಯೇಕ ಜಾಲವನ್ನಾಗಿ ಮಾಡಿತ್ತು. ಒಬ್ಬರಿಗೆ ಬರೆದ ಪತ್ರವನ್ನು ರೂಟರ್ ದಾಟಿಸುತ್ತದೆ. ಆದ್ದರಿಂದ ಪಿಂಗ್ ಹೋಗಿ ಬಂತು. ಮನೆಯೊಳಗಿನ ಕೂಗನ್ನು ದಾಟಿಸುವುದಿಲ್ಲ, ಆದ್ದರಿಂದ "ಹಾಡು ಹಂಚುವವರು ಯಾರಿದ್ದೀರಿ?" ಎಂಬ ಪ್ರಶ್ನೆ ಮಹಡಿಯಲ್ಲೇ ಉಳಿಯಿತು. ತಂತ್ರಾಂಶದಲ್ಲಿ ದೋಷವೇ ಇರಲಿಲ್ಲ. ಎರಡನೆಯ ರೂಟರನ್ನು ವಿಳಾಸ ಹಂಚದೆ ಬರೀ ವೈ-ಫೈ ಕೊಡುವ 'ಆಕ್ಸೆಸ್ ಪಾಯಿಂಟ್' ವಿಧಾನಕ್ಕೆ ಬದಲಾಯಿಸಿದೆವು. ಐದು ನಿಮಿಷದ ಕೆಲಸ. ಪಟ್ಟಿ ಬಂತು. ಹೆಸರಿಲ್ಲದ ಪಟ್ಟಿ.

ಆ ಹೆಸರುಗಳನ್ನು ಮತ್ತೆ ತರುವುದಕ್ಕೆ ರಜೆಯ ಉಳಿದ ದಿನಗಳೆಲ್ಲ ಬೇಕಾದವು. ಕ್ಯಾಸೆಟ್ಟಿನ ಡಬ್ಬಿಗಳೊಳಗಿನ ಕಾಗದಗಳಲ್ಲಿ ತಾಯಿ ಪೆನ್ಸಿಲಿನಲ್ಲಿ ಬರೆದಿದ್ದ ಸಾಲುಗಳು ಅರ್ಧ ಅಳಿಸಿದ್ದರೂ ಓದಲು ಬರುತ್ತಿದ್ದವು. ಅಲ್ಲಿಲ್ಲದ್ದನ್ನು ಅಕ್ಕ ಕೇಳಿ ಕೇಳಿ ಗುರುತು ಹಿಡಿದಳು. "ಇದು ಚಿಕ್ಕಮ್ಮನ ಮಗಳ ಮದುವೇದು, ಹಿಂದೆ ಮಳೆ ಸದ್ದು ಕೇಳ್ತಿದೆ ನೋಡು" ಎಂದಳು. ನನಗೆ ಅದು ಬರೀ ಗೊರಗೊರ ಶಬ್ದವೆಂದು ತೋರಿತ್ತು, ತೆಗೆದುಹಾಕಬೇಕೆಂದೂ ಇದ್ದೆ. ಹುಡುಗಿ ಎಲ್ಲವನ್ನೂ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಳು. ಏಳು ಹಾಡುಗಳು ಯಾವ ಸಂದರ್ಭದವು ಎಂದು ಯಾರಿಗೂ ತಿಳಿಯಲಿಲ್ಲ. ಅವು ಈಗಲೂ ಸಂಖ್ಯೆಗಳಾಗಿಯೇ ಇವೆ.

ನೀವೂ ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಇಂಥ ತೊಂದರೆ ಬಂದರೆ ಈ ಕ್ರಮವನ್ನು ಅನುಸರಿಸಬಹುದು.

1. ಏನನ್ನೂ ಅಳಿಸುವ ಮುನ್ನ ಹಾಡುಗಳದೂ ಪಟ್ಟಿಯದೂ ಒಂದೊಂದು ಪ್ರತಿ ಬೇರೆಡೆ ಇಡಿ.

2. ಎರಡೂ ಗಣಕಗಳ ವಿಳಾಸವನ್ನು ಬರೆದು ಹೋಲಿಸಿ. ಸಾಮಾನ್ಯ ಮನೆಯ ಜಾಲದಲ್ಲಿ ಮೊದಲ ಮೂರು ಅಂಕಿಗಳು ಒಂದೇ ಆಗಿರುತ್ತವೆ.

3. ಪಿಂಗ್ ಮಾಡಿ ಮಾತು ತಲುಪುತ್ತದೆಯೇ ನೋಡಿ. ಉತ್ತರ ಬಾರದಿದ್ದರೆ ಗಣಕ ಕೆಟ್ಟಿದೆ ಎಂದೇ ಅರ್ಥವಲ್ಲ. ಫೈರ್‌ವಾಲ್ ಸಹ ಪಿಂಗ್‌ಗೆ ಉತ್ತರಿಸದಿರಬಹುದು.

4. ಯಾವುದಾದರೂ ಗಣಕ ಅತಿಥಿ ಜಾಲದಲ್ಲಿದೆಯೇ, ಮನೆಯಲ್ಲಿ ಎರಡು ರೂಟರುಗಳು ವಿಳಾಸ ಹಂಚುತ್ತಿವೆಯೇ ಎಂದು ಪರೀಕ್ಷಿಸಿ.

5. ಪಟ್ಟಿ ಕಂಡರೂ ಹಾಡು ತೆರೆಯದಿದ್ದರೆ ಫೈರ್‌ವಾಲ್‌ನಲ್ಲಿ ಆ ತಂತ್ರಾಂಶಕ್ಕೆ ಅನುಮತಿ ಇದೆಯೇ, ಎರಡೂ ಕಡೆ ಖಾತೆ ಸರಿಯಿದೆಯೇ ನೋಡಿ.

6. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲವನ್ನು ಬರೆದಿಡಿ.

ಕೊನೆಯ ಸೂಚನೆ ನಿಮ್ಮ ಪ್ರಯೋಗಾಲಯದ್ದೇ ಎಂಬುದನ್ನು ಗಮನಿಸಿರಬಹುದು. ಏಬ್ರಮ್‌ಸನ್, ಮೆಟ್‌ಕಾಫ್, ಡೀರಿಂಗ್, ಚೆಷೈರ್ ಇವರೆಲ್ಲರೂ ಒಂದು ಸಲಕ್ಕೆ ಒಂದು ಪ್ರಶ್ನೆಯನ್ನು ಬಿಡಿಸುತ್ತ ಹೋದದ್ದರಿಂದಲೇ ಇಂದು ಪಕ್ಕದ ಕೋಣೆಯ ಹಾಡು ನಮಗೆ ಕೇಳಿಸುತ್ತಿದೆ. ನಿಮ್ಮ ಮನೆಯಲ್ಲಿಯೂ ಅಜ್ಜಿಯೋ ತಾತನೋ ಹಾಡಿದ, ಕಥೆ ಹೇಳಿದ ಧ್ವನಿಮುದ್ರಣಗಳಿದ್ದರೆ, ಅದು ಯಾವುದು, ಯಾರದು, ಯಾವಾಗಿನದು ಎಂಬುದನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳಿ. ಜಾಲದ ದೋಷವನ್ನು ಯಾವಾಗ ಬೇಕಾದರೂ ಸರಿಪಡಿಸಿಕೊಳ್ಳಬಹುದು. ಆ ವಿವರಗಳನ್ನು ಹೇಳಬಲ್ಲವರು ಮಾತ್ರ ಕೆಲವೇ ಮಂದಿ.